ಹನ್ನೆರಡು ಕೋರ್ ಕೊಟ್ಟರೂ ಚೀಟಿ ಬಾರದ ರಾತ್ರಿ

ಬಾಗಲಕೋಟೆಯ ನವನಗರದಿಂದ ಲೋಕಾಪುರದ ಮೇಲೆ ಹಾಯ್ದು ಮುಧೋಳದ ಕಡೆಗೆ ನವೆಂಬರ್ ತಿಂಗಳಲ್ಲಿ ಪ್ರಯಾಣ ಮಾಡಿದವರಿಗೆ, ಎರಡೆರಡು ಟ್ರಾಲಿ ಕಟ್ಟಿಕೊಂಡು ಜೋರಾಗಿ ಹಾಡು ಹಚ್ಚಿಕೊಂಡು ಸಾಲುಗಟ್ಟಿ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಅನುಭವ ಇದ್ದೇ ಇರುತ್ತದೆ. ಆ ಟ್ರ್ಯಾಕ್ಟರುಗಳು ಹೋಗಿ ಸೇರುವ ಸಕ್ಕರೆ ಕಾರ್ಖಾನೆಗಳಲ್ಲೊಂದರ ಕಂಪ್ಯೂಟರ್ ವಿಭಾಗವನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ವಿಭಾಗವೆಂದರೆ ನಾನು, ಒಬ್ಬ ಸಹಾಯಕ ಮತ್ತು ಎಸಿ ಹಾಕಿದ ಒಂದು ಸಣ್ಣ ಕೋಣೆ, ಅಷ್ಟೇ. ಆ ಕೋಣೆಯಲ್ಲಿರುವ ಒಂದೇ ಸರ್ವರ್ ಮೇಲೆ ಏಳು ವಿಎಂಗಳು, ಅಂದರೆ ತಂತ್ರಾಂಶದಿಂದ ಸೃಷ್ಟಿಸಿದ ವರ್ಚುವಲ್ ಕಂಪ್ಯೂಟರುಗಳು, ನಡೆಯುತ್ತವೆ. ಅವುಗಳಿಗೆ ಪ್ರೊಸೆಸರ್ ಕೋರ್‌ಗಳನ್ನು, ಅಂದರೆ ಪ್ರೊಸೆಸರ್‌ನೊಳಗೆ ಕೆಲಸ ಮಾಡುವ ಘಟಕಗಳನ್ನು, ಹಂಚುವುದರಲ್ಲಿ ನಾನು ಮಾಡಿದ ತಪ್ಪು, ಅದು ಗೊತ್ತಾದ ಬಗೆ ಮತ್ತು ಆಮೇಲೆ ಬದಲಾದ ಲೆಕ್ಕವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸರ್ವರ್‌ನಲ್ಲಿ ಎರಡು ಸಾಕೆಟ್‌ಗಳಿವೆ, ಅಂದರೆ ಪ್ರೊಸೆಸರ್ ಕೂರಿಸುವ ಎರಡು ಜಾಗಗಳು. ಪ್ರತಿ ಸಾಕೆಟ್‌ನ ಪ್ರೊಸೆಸರ್‌ಗೆ 12 ಕೋರ್‌ಗಳು, ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್ ಚಾಲೂ ಇರುವುದರಿಂದ ಪರದೆಯ ಮೇಲೆ ಕಾಣುವುದು 48. ಮೆಮೊರಿ 128 ಜಿಬಿ, ಒಂದೊಂದು ಸಾಕೆಟ್‌ನ ಮಗ್ಗುಲಿಗೆ 64ರಂತೆ. ಮೇಲೆ ವಿಎಂಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ಹಾಕಿದ್ದೇನೆ; ಅದರ ಒಳಗೆ ಕೆಲಸ ಮಾಡುವುದು 2007ರಲ್ಲಿ ಲಿನಕ್ಸ್ ಕರ್ನೆಲ್‌ನ 2.6.20ನೆಯ ಆವೃತ್ತಿಯೊಂದಿಗೆ ಸೇರಿದ ಕೆವಿಎಂ. ಕಾಟಾಕ್ಕೆ, ಅಂದರೆ ತೂಕದ ಸೇತುವೆಯ ತಂತ್ರಾಂಶಕ್ಕೆ, 8 ಕೋರ್ ಕೊಟ್ಟಿದ್ದೆ. ಕಬ್ಬಿನ ಬಿಲ್ಲು ಹಾಗೂ ಲೆಕ್ಕಪತ್ರಕ್ಕೆ 14, ಹಾಜರಿ ಮತ್ತು ಪಗಾರಕ್ಕೆ 8, ಫೈಲ್ ಸರ್ವರ್‌ಗೆ 6, ಬಳಕೆದಾರರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್‌ಗೆ 4, ಕ್ಯಾಮೆರಾ ರೆಕಾರ್ಡಿಂಗ್‌ಗೆ 24, ಪರೀಕ್ಷೆಗೆಂದು ಇಟ್ಟುಕೊಂಡಿದ್ದಕ್ಕೆ 4. ಈ ಅಂಕಿಗಳ ಹಿಂದೆ ಯಾವ ಅಳತೆಯೂ ಇರಲಿಲ್ಲ. ತಂತ್ರಾಂಶ ಮಾರಿದವರು ಕೇಳಿದಷ್ಟು ಕೊಟ್ಟೆ, ಅವರು ಕೇಳದಿದ್ದಲ್ಲಿ ನಾನೇ ಉದಾರನಾದೆ. 48 ಕಣ್ಣಿಗೆ ಕಾಣುತ್ತಿರುವಾಗ ಜಿಪುಣತನ ಏಕೆ ಎಂಬ ಭಾವನೆ.

ನುರಿಸುವ ಹಂಗಾಮು ಶುರುವಾಗಿ ಎರಡನೆಯ ವಾರ. ರಾತ್ರಿ ಹನ್ನೊಂದರ ಸುಮಾರಿಗೆ ಕಾಟಾದ ಹುಡುಗನ ಫೋನು ಬಂತು. "ಸರ್, ಗಾಡಿ ಕಾಟಾದ ಮ್ಯಾಲೆ ನಿಂತು ಹತ್ತು ನಿಮಿಷ ಆತ್ರಿ, ಚೀಟಿ ಬರವಲ್ದು." ಹತ್ತು ನಿಮಿಷವೆಂಬುದು ಅವನ ಸಿಟ್ಟಿನ ಲೆಕ್ಕ, ನಾನು ಹೋಗಿ ಗಡಿಯಾರ ಹಿಡಿದು ನೋಡಿದಾಗ ಒಂದು ತೂಕದ ಚೀಟಿಗೆ ಹದಿನೆಂಟರಿಂದ ಇಪ್ಪತ್ತು ಸೆಕೆಂಡು ಹಿಡಿಯುತ್ತಿತ್ತು. ಆದರೆ ನಮ್ಮಲ್ಲಿ ದಿನಕ್ಕೆ ಸುಮಾರು 500 ವಾಹನಗಳು ಬರುತ್ತವೆ, ಪ್ರತಿಯೊಂದೂ ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ತೂಗಬೇಕು. ಒಂದು ತೂಕಕ್ಕೆ 15 ಸೆಕೆಂಡು ಹೆಚ್ಚಾದರೆ ದಿನದ ಕೊನೆಗೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಯಾರ್ಡಿನಲ್ಲಿ ಕರಗಿ ಹೋಗುತ್ತದೆ; ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ರೈತನ ಸಿಟ್ಟು ಕಾಟಾದ ಕಿಟಕಿಯ ಮೇಲೆ ಇಳಿಯುತ್ತದೆ.

ಕಾಟಾದ ವಿಎಂ ತೆರೆದು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿದೆ. ಸಿಪಿಯು ಬಳಕೆ ಶೇ. 13ರ ಆಸುಪಾಸಿನಲ್ಲಿ ನಿಂತಿತ್ತು, ಮೇಲೆ ಏರುತ್ತಿರಲಿಲ್ಲ, ಕೆಳಗೆ ಇಳಿಯುತ್ತಿರಲಿಲ್ಲ. ಅದನ್ನು ಕಂಡು ಅಲ್ಲಿಯೇ ಅನುಮಾನ ಬರಬೇಕಿತ್ತು, ಆದರೆ ಹೊರಗೆ ಹಾರ್ನ್ ಹೊಡೆಯುತ್ತಿದ್ದಾಗ ಯೋಚನೆಗಿಂತ ಕೈ ಮುಂದೆ ಓಡುತ್ತದೆ. ವಿಎಂ ನಿಲ್ಲಿಸಿ, 8 ಇದ್ದದ್ದನ್ನು 12 ಮಾಡಿ, ಮತ್ತೆ ಚಾಲೂ ಮಾಡಿದೆ. ಚೀಟಿಯ ವೇಗದಲ್ಲಿ ಕಿಂಚಿತ್ತೂ ಬದಲಾವಣೆ ಇರಲಿಲ್ಲ. ಬದಲಾದದ್ದು ಒಂದೇ: ಶೇ. 13 ಇದ್ದ ಬಳಕೆ ಶೇ. 9ಕ್ಕೆ ಬಂದು ನಿಂತಿತ್ತು.

ಎಂಟರಲ್ಲಿ ಒಂದು ಭಾಗವೆಂದರೆ ಶೇ. 12.5, ಹನ್ನೆರಡರಲ್ಲಿ ಒಂದು ಭಾಗವೆಂದರೆ ಶೇ. 8.3. ಅಂದರೆ ಎರಡೂ ಸಲ ದುಡಿಯುತ್ತಿದ್ದದ್ದು ಸರಿಯಾಗಿ ಒಂದೇ ಕೋರಿನಷ್ಟು ಕೆಲಸ. ಈ ಸರಳ ಭಾಗಾಕಾರ ತಲೆಗೆ ಹೊಳೆಯಲು ನನಗೆ ಅರ್ಧ ಗಂಟೆ ಹಿಡಿಯಿತು.

ಕಾಟಾದ ತಂತ್ರಾಂಶ ಬಳಸುವುದು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸ್‌ಪ್ರೆಸ್ ಆವೃತ್ತಿಯನ್ನು. ಅದು ಉಚಿತ, ಆದ್ದರಿಂದ ಅದಕ್ಕೆ ಬೇಲಿಗಳಿವೆ. 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸಿನ ಗಾತ್ರ 10 ಜಿಬಿ ದಾಟುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಬೇಲಿ. ಇನ್ನೊಂದು ಅಷ್ಟಾಗಿ ಯಾರೂ ಓದದ ಸಾಲಿನಲ್ಲಿದೆ: ಅದು ಒಂದು ಸಾಕೆಟ್ ಅಥವಾ ನಾಲ್ಕು ಕೋರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಬಳಸುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ವಿಎಂಗೆ ಸಾಕೆಟ್ ಎಷ್ಟು, ಪ್ರತಿ ಸಾಕೆಟ್‌ಗೆ ಕೋರ್ ಎಷ್ಟು ಎಂದು ಎರಡು ಪ್ರತ್ಯೇಕ ಅಂಕಣಗಳಿವೆ. ಗುಣಿಸಿದರೆ ಎಂಟು ಬಂದರೆ ಸಾಕೆಂದುಕೊಂಡು ನಾನು ಸಾಕೆಟ್ 8, ಕೋರ್ 1 ಎಂದು ತುಂಬಿದ್ದೆ. ಎಂಟು ಒಂದಲೆ ಎಂಟು, ಒಂದು ಎಂಟಲೆ ಎಂಟು ಎಂಬುದು ಮಗ್ಗಿಯಲ್ಲಿ ಸರಿ. ಎಕ್ಸ್‌ಪ್ರೆಸ್ ಆವೃತ್ತಿಯ ಕಣ್ಣಿಗೆ ಅದು ಒಂದೊಂದೇ ಕೋರಿನ ಎಂಟು ಪ್ರೊಸೆಸರ್‌ಗಳು, ಅವುಗಳಲ್ಲಿ ತನಗೆ ದಕ್ಕುವುದು ಒಂದು. ನಾನು 12 ಮಾಡಿದಾಗಲೂ ಅದಕ್ಕೆ ದಕ್ಕಿದ್ದು ಒಂದೇ. ಡೇಟಾಬೇಸ್ ಪ್ರತಿ ಸಲ ಏಳುವಾಗ ತನ್ನ ಎರರ್ ಲಾಗ್‌ನಲ್ಲಿ ಎಷ್ಟು ಸಾಕೆಟ್ ಕಂಡವು, ಅವುಗಳಲ್ಲಿ ಎಷ್ಟು ಕೋರ್‌ಗಳಿವೆ, ಪರವಾನಗಿಯ ಪ್ರಕಾರ ತಾನು ಎಷ್ಟನ್ನು ಬಳಸುತ್ತಿದ್ದೇನೆ ಎಂದು ಒಂದೇ ಸಾಲಿನಲ್ಲಿ ಬರೆದಿಡುತ್ತದೆ. ಆ ಸಾಲು ಮೊದಲ ದಿನದಿಂದಲೂ ಅಲ್ಲಿತ್ತು, ನಾನು ತೆರೆದು ನೋಡಿರಲಿಲ್ಲ.

ಸಾಕೆಟ್ 1, ಕೋರ್ 4 ಎಂದು ಬದಲಿಸಿ ವಿಎಂ ಎಬ್ಬಿಸಿದೆ. ಚೀಟಿ ಎರಡು ಸೆಕೆಂಡಿಗೆ ಬಂತು. ಹನ್ನೆರಡರಲ್ಲಿ ಆಗದ ಕೆಲಸ ನಾಲ್ಕರಲ್ಲಿ ಆಯಿತೆಂದು ಕಾಟಾದ ಹುಡುಗನಿಗೆ ನಾನು ಹೇಳಲು ಹೋಗಲಿಲ್ಲ.

ಹಿಂದಿನ ಹಂಗಾಮಿನಲ್ಲಿ ಇದೇ ಅಂಕಿಗಳಿದ್ದಾಗ ತೊಂದರೆ ಏಕೆ ಆಗಲಿಲ್ಲ ಎಂಬ ಪ್ರಶ್ನೆ ಉಳಿಯಿತು. ಯಾರ್ಡಿನಲ್ಲಿ ಎಷ್ಟು ವಾಹನ ಕಾಯುತ್ತಿವೆ ಎಂದು ನಿಮಿಷಕ್ಕೊಮ್ಮೆ ತೋರಿಸುವ ಒಂದು ವರದಿಯನ್ನು ಈ ಸಲ ಹೊಸದಾಗಿ ಸೇರಿಸಿದ್ದೆವು, ಅದು ಪ್ರತಿ ಸಲವೂ ಇಡೀ ತೂಕದ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಜಾಲಾಡುತ್ತಿತ್ತು. ಸಿಕ್ಕ ಒಂದೇ ಕೋರನ್ನು ಅದು ತಿಂದು ಹಾಕುತ್ತಿದ್ದರೆ ಚೀಟಿ ಅದರ ಹಿಂದೆ ಕಾಯುತ್ತಿತ್ತು. ಮರುದಿನ ಆ ಕೋಷ್ಟಕಕ್ಕೆ ಬೇಕಾದ ಸಾಲನ್ನು ನೇರವಾಗಿ ಹುಡುಕಿಕೊಡುವ ಒಂದು ಇಂಡೆಕ್ಸ್ ಹಾಕಿದ ಮೇಲೆ ಕಾಟಾಕ್ಕೆ ಎರಡು ಕೋರ್ ಕೊಟ್ಟರೂ ಸಾಕಾಗುತ್ತಿತ್ತೇನೋ. ಪ್ರೊಸೆಸರ್ ಕಡಿಮೆ ಬಿದ್ದಿದೆ ಎಂದು ನಮಗೆ ಅನ್ನಿಸುವ ಎಷ್ಟೋ ಪ್ರಸಂಗಗಳಲ್ಲಿ ಕಡಿಮೆ ಬಿದ್ದಿರುವುದು ಇಂಡೆಕ್ಸ್ ಎಂಬ ಗುಮಾನಿ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇಲ್ಲಿಗೆ ಮುಗಿಯಬಹುದಿತ್ತು, ಆದರೆ ಅದೇ ವಾರ ಬಿಲ್ಲಿನ ವಿಎಂ ಕೂಡ ತಕರಾರು ತೆಗೆಯಿತು. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದ್ದರಿಂದ ನಮ್ಮಲ್ಲಿ ಪಂದರಾ (ಹದಿನೈದು) ದಿನಕ್ಕೊಮ್ಮೆ ಬಿಲ್ಲಿನ ಓಟ ಇರುತ್ತದೆ: ಪ್ರತಿ ಚೀಟಿಯ ತೂಕ, ಕಟಾವು ಗ್ಯಾಂಗಿನ ಮುಂಗಡ, ಸಾಗಾಣಿಕೆಯ ಕಡಿತ, ಬ್ಯಾಂಕಿನ ಸಾಲದ ಕಂತು, ಎಲ್ಲವನ್ನೂ ಕೂಡಿ ಕಳೆದು ಪಟ್ಟಿ ಸಿದ್ಧವಾಗಬೇಕು. ಅದು ಮೂರು ಗಂಟೆ ಹಿಡಿಯತೊಡಗಿತ್ತು. ಈ ವಿಎಂ ಲಿನಕ್ಸ್, ಒಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಇದರಲ್ಲಿ ಟಾಪ್ ಆದೇಶ ಕೊಟ್ಟು ನೋಡಿದರೆ ಸಿಪಿಯುವಿನ ಸಾಲಿನ ಕೊನೆಯಲ್ಲಿ ಸ್ಟೀಲ್, ಅಂದರೆ ಕದ್ದ ಹೊತ್ತು, ಎಂಬ ಅಂಕಿ ಶೇ. 9ರ ಹತ್ತಿರ ಆಡುತ್ತಿತ್ತು.

ವಿಎಂಗೆ ನಾವು ಕೊಡುವ ಕೋರ್ ನಿಜವಾದ ಕೋರ್ ಅಲ್ಲ ಎಂಬುದು ಈ ಅಂಕಿಯಿಂದ ಕಣ್ಣಿಗೆ ಕಟ್ಟುತ್ತದೆ. ಕೆವಿಎಂನಲ್ಲಿ ಪ್ರತಿಯೊಂದು ವಿಎಂ ಹೋಸ್ಟ್‌ನ, ಅಂದರೆ ನಿಜವಾದ ಸರ್ವರ್‌ನ, ಮೇಲೆ ಒಂದು ಪ್ರೋಸೆಸ್, ಅದಕ್ಕೆ ಕೊಟ್ಟ ಪ್ರತಿಯೊಂದು ಕೋರ್ (ಅದನ್ನು ವಿಸಿಪಿಯು ಎನ್ನುತ್ತಾರೆ) ಆ ಪ್ರೋಸೆಸ್‌ನೊಳಗಿನ ಒಂದು ಥ್ರೆಡ್, ಅಂದರೆ ಕೆಲಸದ ಒಂದು ಎಳೆ. ಆ ಥ್ರೆಡ್ ಯಾರಿಗೆ ಯಾವಾಗ ಕೋರ್ ಎಂದು ತೀರ್ಮಾನಿಸುವ ಹೋಸ್ಟ್‌ನ ಶೆಡ್ಯೂಲರ್ ಮುಂದೆ ಉಳಿದೆಲ್ಲ ಥ್ರೆಡ್‌ಗಳ ಹಾಗೆಯೇ ಪಾಳಿ ಹಚ್ಚಿ ನಿಲ್ಲುತ್ತದೆ. ನಾವು ಕೊಡುವುದು ಪಾಳಿಯಲ್ಲಿ ನಿಲ್ಲುವ ಹಕ್ಕನ್ನು ಮಾತ್ರ. ಪಾಳಿ ಬರುವತನಕ ಒಳಗಿನ ಆಪರೇಟಿಂಗ್ ಸಿಸ್ಟಂ ತಾನು ಓಡುತ್ತಿದ್ದೇನೆಂದೇ ತಿಳಿದಿರುತ್ತದೆ, ಹೊರಗೆ ಅದರ ಕಾಲ ನಿಂತುಬಿಟ್ಟಿರುತ್ತದೆ. ಓಡಲು ಸಿದ್ಧವಿದ್ದೂ ಕೋರ್ ಸಿಗದೆ ಕಾದ ಆ ಹೊತ್ತೇ ಸ್ಟೀಲ್. ಲಿನಕ್ಸ್ ವಿಎಂ ಇದನ್ನು ಹೋಸ್ಟ್‌ನಿಂದ ಕೇಳಿ ತಿಳಿದು ತೋರಿಸುತ್ತದೆ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಅಂಥ ಅಂಕಣವೇ ಇಲ್ಲ. ಹಾಗಾಗಿ ವಿಂಡೋಸ್ ವಿಎಂಗಳ ಮಟ್ಟಿಗೆ ನಾನು ಹೋಸ್ಟ್‌ನಿಂದಲೇ ನೋಡುತ್ತೇನೆ: ಪ್ರತಿ ವಿಸಿಪಿಯು ಥ್ರೆಡ್‌ಗೂ ಪ್ರಾಕ್ ಕಡತವ್ಯವಸ್ಥೆಯಲ್ಲಿ ಸ್ಕೆಡ್‌ಸ್ಟ್ಯಾಟ್ ಎಂಬ ಪುಟ್ಟ ಕಡತವಿರುತ್ತದೆ, ಅದರಲ್ಲಿ ಮೂರೇ ಅಂಕಿಗಳು. ಮೊದಲನೆಯದು ಓಡಿದ ಕಾಲ, ಎರಡನೆಯದು ಪಾಳಿಯಲ್ಲಿ ಕಾದ ಕಾಲ, ಎರಡೂ ನ್ಯಾನೋಸೆಕೆಂಡುಗಳಲ್ಲಿ. 20 ಸೆಕೆಂಡುಗಳ ಅಂತರದಲ್ಲಿ ಎರಡು ಸಲ ಓದಿ, ಎರಡನೆಯ ಅಂಕಿಯ ವ್ಯತ್ಯಾಸವನ್ನು 20 ಸೆಕೆಂಡಿನಿಂದ ಭಾಗಿಸಿದರೆ ಆ ವಿಸಿಪಿಯು ಶೇಕಡಾ ಎಷ್ಟು ಹೊತ್ತು ಕಾದು ಕುಳಿತಿತ್ತೆಂಬುದು ಸಿಗುತ್ತದೆ.

ಇಪ್ಪತ್ತೇ ಸೆಕೆಂಡು ಏಕೆಂದರೆ, ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಇದೇ ಕೆಲಸ ಮಾಡುವ ನನ್ನ ಗೆಳೆಯನೊಡನೆ ಅಂಕಿಗಳನ್ನು ಹೋಲಿಸುವ ಅಭ್ಯಾಸ ನನಗಿದೆ. ಅವನಲ್ಲಿರುವುದು ವಿಎಂಗಳನ್ನು ನಡೆಸುವ ಇನ್ನೊಂದು ತಂತ್ರಾಂಶ, ವಿಎಂವೇರ್. ಅಲ್ಲಿ ಇದೇ ಕಾಯುವಿಕೆಗೆ ಸಿಪಿಯು ರೆಡಿ ಎಂದು ಹೆಸರು, ಅದರ ನೇರ ನಕ್ಷೆ 20 ಸೆಕೆಂಡಿಗೊಂದು ಮಾದರಿ ತೆಗೆಯುತ್ತದೆ. ಅಲ್ಲಿ ಒಂದು ವಿಸಿಪಿಯುವಿಗೆ 2000 ಮಿಲಿಸೆಕೆಂಡ್ ಕಂಡರೆ ಅದು ಶೇ. 10 ಎಂದು ಓದಬೇಕು. ಶೇ. 5ರ ಒಳಗಿದ್ದರೆ ಇಬ್ಬರೂ ತಲೆ ಕೆಡಿಸಿಕೊಳ್ಳುವುದಿಲ್ಲ, 10 ದಾಟಿದರೆ ಬಳಸುವವರಿಂದ ಫೋನು ಬರುತ್ತದೆ. ಇದು ನಮ್ಮಿಬ್ಬರ ಅನುಭವದ ಗೆರೆ.

ಅವನ ಬಾಯಲ್ಲಿ ಕೇಳಿದ ಇನ್ನೊಂದು ಮಾತು ಕೋ-ಸ್ಟಾಪ್, ಅಂದರೆ ಜೊತೆಯ ವಿಸಿಪಿಯುಗಳು ಹಿಂದೆ ಬಿದ್ದಾಗ ಮುಂದಿರುವುದನ್ನು ತಡೆದು ನಿಲ್ಲಿಸುವುದು. ಒಂದು ವಿಎಂನ ನಾಲ್ಕು ವಿಸಿಪಿಯುಗಳಲ್ಲಿ ಒಂದು ಮಾತ್ರ ಓಡುತ್ತಾ ಮೂರು ನಿಂತುಬಿಟ್ಟರೆ, ನಿಂತದ್ದರ ಕೈಯಲ್ಲಿರುವ ಬೀಗಕ್ಕಾಗಿ (ಒಂದು ಸಲಕ್ಕೆ ಒಬ್ಬರೇ ಮುಟ್ಟಬೇಕಾದ ದತ್ತಾಂಶಕ್ಕೆ ಹಾಕುವ ಕಾವಲು) ಓಡುತ್ತಿರುವುದು ಸುಮ್ಮನೆ ಸುತ್ತುಹಾಕುತ್ತಿರಬೇಕಾಗುತ್ತದೆ. ಇದನ್ನು ತಪ್ಪಿಸಲು ವಿಎಂವೇರ್‌ನ ಹಳೆಯ ಇಎಸ್‌ಎಕ್ಸ್ 2 ಎಲ್ಲ ವಿಸಿಪಿಯುಗಳನ್ನು ಕಟ್ಟುನಿಟ್ಟಾಗಿ ಒಟ್ಟಿಗೇ ಓಡಿಸುತ್ತಿತ್ತು, 2006ರ ಇಎಸ್‌ಎಕ್ಸ್ 3ರಿಂದ ಆ ಕಟ್ಟು ಸಡಿಲವಾಯಿತು. ನಮ್ಮ ಕಾಟಾದ ಮುಂದೆ ನಿಂತರೆ ಇದು ದಿನವೂ ಕಾಣುತ್ತದೆ. ಒಂಟಿ ಚಕ್ಕಡಿ ಬಂದರೆ ಸಂದಿಯಲ್ಲಿ ನುಸುಳಿ ತೂಗಿಸಿಕೊಂಡು ಹೋಗುತ್ತದೆ, ಎರಡು ಟ್ರಾಲಿಯ ಟ್ರ್ಯಾಕ್ಟರಿಗೆ ಇಡೀ ಕಾಟಾ ಖಾಲಿಯಾಗಬೇಕು, ಅದು ಖಾಲಿಯಾಗುವತನಕ ಮುಂದಿನ ಟ್ರಾಲಿಗೆ ಜಾಗವಿದ್ದರೂ ಪ್ರಯೋಜನವಿಲ್ಲ. ಹೆಚ್ಚು ವಿಸಿಪಿಯು ಹೊತ್ತ ವಿಎಂ ಹೆಚ್ಚು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರಿನಂತೆ. ಕೆವಿಎಂ ಹೀಗೆ ಒಟ್ಟಿಗೆ ಓಡಿಸುವ ಹಟ ಹಿಡಿಯುವುದಿಲ್ಲ, ಒಂದೊಂದು ಥ್ರೆಡ್ಡನ್ನೂ ಅದರ ಪಾಡಿಗೆ ಬಿಡುತ್ತದೆ. ಹಾಗೆಂದು ಬೀಗ ಹಿಡಿದು ನಿಂತವನ ತೊಂದರೆ ಇಲ್ಲಿ ಮಾಯವಾಗುವುದಿಲ್ಲ. ಸುಮ್ಮನೆ ಸುತ್ತುಹಾಕುವುದನ್ನು ಗುರುತಿಸಿ ಬಿಡಿಸುವ ಉಪಾಯಗಳು ಪ್ರೊಸೆಸರ್‌ನಲ್ಲೂ ಕರ್ನೆಲ್‌ನಲ್ಲೂ ಇವೆ, ಅವು ನೋವನ್ನು ಕಡಿಮೆ ಮಾಡುತ್ತವೆ ಅಷ್ಟೇ.

ನನ್ನ ಲೆಕ್ಕಕ್ಕೆ ಮರಳುತ್ತೇನೆ. ಕಾಟಾಕ್ಕೆ 12 ಕೊಟ್ಟ ಆ ರಾತ್ರಿ ಏಳೂ ವಿಎಂಗಳ ಒಟ್ಟು ವಿಸಿಪಿಯುಗಳು 72 ಆಗಿದ್ದವು. ಪರದೆ 48 ತೋರಿಸುತ್ತಿತ್ತು, ಆದ್ದರಿಂದ ಒಂದಕ್ಕೆ ಒಂದೂವರೆ, ಏನೂ ಹೆಚ್ಚಲ್ಲ ಎಂದುಕೊಂಡಿದ್ದೆ. ಆದರೆ ನಿಜವಾದ ಕೋರ್‌ಗಳು 24, ಅಂದರೆ ಒಂದಕ್ಕೆ ಮೂರು. ಹೈಪರ್‌ಥ್ರೆಡಿಂಗ್ ಒಂದು ಕೋರನ್ನು ಎರಡು ಮಾಡುವುದಿಲ್ಲ, ಒಂದೇ ಕೋರಿಗೆ ಎರಡು ಬಾಗಿಲು ಇಡುತ್ತದೆ. ಒಬ್ಬನು ಮೆಮೊರಿಯಿಂದ ಏನೋ ಬರಲೆಂದು ಕಾಯುತ್ತಿರುವಾಗ ಇನ್ನೊಬ್ಬನು ಒಳಗಿನ ಉಪಕರಣಗಳನ್ನು ಬಳಸಿಕೊಳ್ಳಲಿ ಎಂಬುದು ಅದರ ಉದ್ದೇಶ. 2002ರಲ್ಲಿ ಇದನ್ನು ಮಾರುಕಟ್ಟೆಗೆ ತಂದ ಇಂಟೆಲ್ ಕೂಡ ಸರ್ವರ್ ಕೆಲಸಗಳಲ್ಲಿ ಹೇಳಿಕೊಂಡದ್ದು ಹೆಚ್ಚೆಂದರೆ ಶೇ. 30ರಷ್ಟು ಲಾಭವನ್ನು. ಇದರಲ್ಲಿ ಇನ್ನೊಂದು ಕಣ್ಕಟ್ಟೂ ಇದೆ: ಒಂದೇ ಕೋರಿನ ಎರಡು ಥ್ರೆಡ್‌ಗಳ ಮೇಲೆ ಎರಡು ವಿಎಂಗಳು ಕುಳಿತಾಗ ಎರಡೂ ನಿಧಾನವಾಗುತ್ತವೆ, ಆದರೆ ಆ ನಿಧಾನ ಸ್ಟೀಲ್‌ನಲ್ಲೂ ಕಾಣುವುದಿಲ್ಲ, ಕಾದ ಕಾಲದಲ್ಲೂ ಕಾಣುವುದಿಲ್ಲ, ಏಕೆಂದರೆ ಲೆಕ್ಕದ ಪ್ರಕಾರ ಇಬ್ಬರಿಗೂ ಪಾಳಿ ಸಿಕ್ಕಿರುತ್ತದೆ. ಹಾಗಾಗಿ 48ನ್ನು ಲೆಕ್ಕಕ್ಕೆ ಹಿಡಿಯುವುದನ್ನು ನಾನು ಬಿಟ್ಟಿದ್ದೇನೆ.

ಬಿಲ್ಲಿನ ವಿಎಂಗೆ ಇನ್ನೊಂದು ಗಂಟೂ ಬಿದ್ದಿತ್ತು. 14 ವಿಸಿಪಿಯು, 72 ಜಿಬಿ ಮೆಮೊರಿ ಕೊಟ್ಟಿದ್ದೆ. ಒಂದು ಸಾಕೆಟ್‌ನಲ್ಲಿರುವುದು 12 ಕೋರ್, 64 ಜಿಬಿ. ಎರಡೂ ಅಳತೆಯಲ್ಲಿ ಅದು ಒಂದು ಸಾಕೆಟ್‌ನ ಹೊಸ್ತಿಲು ದಾಟಿ ಕಾಲು ಚಾಚಿತ್ತು. ತನ್ನ ಮಗ್ಗುಲಿನ ಮೆಮೊರಿಯನ್ನು ಮುಟ್ಟುವುದಕ್ಕಿಂತ ಇನ್ನೊಂದು ಸಾಕೆಟ್‌ನ ಮೆಮೊರಿಯನ್ನು ಮುಟ್ಟಲು ಪ್ರೊಸೆಸರ್‌ಗೆ ಹೆಚ್ಚು ಹೊತ್ತು ಬೇಕು, ಇದನ್ನೇ ನ್ಯೂಮಾ ಎನ್ನುತ್ತಾರೆ. ನ್ಯೂಮಾಸಿಟಿಎಲ್ ಆದೇಶ ನಮ್ಮ ಯಂತ್ರದಲ್ಲಿ ತನ್ನದಕ್ಕೆ 10, ಆಚೆಯದಕ್ಕೆ 21 ಎಂಬ ದೂರವನ್ನು ತೋರಿಸುತ್ತದೆ. ಅದು ಫರ್ಮ್‌ವೇರ್ ಕೊಡುವ ಸಾಪೇಕ್ಷ ಅಂಕಿಯೇ ಹೊರತು ನಿಜಕ್ಕೂ ಇಮ್ಮಡಿ ಕಾಲ ಹಿಡಿಯುತ್ತದೆಂದು ಓದಬಾರದು. ವಿಎಂ ಅನ್ನು 8 ವಿಸಿಪಿಯು, 48 ಜಿಬಿಗೆ ಇಳಿಸಿ ಒಂದೇ ಸಾಕೆಟ್‌ನ ಮನೆಯೊಳಗೆ ಹಿಡಿಯುವಂತೆ ಮಾಡಿದೆ. ಮೂರು ಗಂಟೆಯ ಬಿಲ್ಲಿನ ಓಟ ಎರಡೂಕಾಲು ಗಂಟೆಗೆ ಬಂತು. ಅದೇ ದಿನ ಕ್ಯಾಮೆರಾದ ವಿಎಂ ಅನ್ನೂ ಇಳಿಸಿದ್ದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾರೆ. ಎರಡು ಬದಲಾವಣೆಗಳನ್ನು ಒಂದೇ ದಿನ ಮಾಡಿದ್ದು ನನ್ನದೇ ಅವಸರ.

ಕ್ಯಾಮೆರಾದ 24ನ್ನು ಮುಟ್ಟಲು ಎಲ್ಲಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಅಳವಡಿಸಿದವರು ಅಷ್ಟು ಬೇಕೇ ಬೇಕೆಂದು ಬರೆದುಕೊಟ್ಟಿದ್ದರು. ಒಂದು ವಾರ ಸ್ಕೆಡ್‌ಸ್ಟ್ಯಾಟ್ ಅಂಕಿಗಳನ್ನು ಬರೆದುಕೊಂಡು ನೋಡಿದರೆ ಅದು ಯಾವ ಹೊತ್ತಿನಲ್ಲೂ ಒಂಬತ್ತು ಕೋರಿನಷ್ಟು ಕೆಲಸವನ್ನು ದಾಟಿರಲಿಲ್ಲ. ಆದರೂ ಆ ಕೆಲಸವನ್ನು 24 ಥ್ರೆಡ್‌ಗಳ ಮೇಲೆ ತೆಳ್ಳಗೆ ಸವರುತ್ತಾ ಉಳಿದವರ ಪಾಳಿಯಲ್ಲಿ 24 ಕಡೆ ಅಡ್ಡ ಬರುತ್ತಿತ್ತು. 10ಕ್ಕೆ ಇಳಿಸಿದೆ. ಚಿತ್ರ ಕೆಡಲಿಲ್ಲ, ಯಾರೂ ಗಮನಿಸಲಿಲ್ಲ. ಹಾಜರಿಗೆ 2, ಫೈಲ್ ಸರ್ವರ್‌ಗೆ 2, ಡೊಮೇನ್ ಕಂಟ್ರೋಲರ್‌ಗೆ 2, ಪರೀಕ್ಷೆಯದಕ್ಕೆ 2. 72 ಇದ್ದದ್ದು 30ಕ್ಕೆ ಬಂತು. ಬಿಲ್ಲಿನ ವಿಎಂನ ಸ್ಟೀಲ್ ಈಗ ಒಂದರ ಕೆಳಗಿದೆ.

ಒಂದು ಕೋರಿಗೆ ಮೂರು ವಿಸಿಪಿಯು, ನಾಲ್ಕು ವಿಸಿಪಿಯು ಎಂಬ ಸಿದ್ಧ ಸೂತ್ರಗಳು ಎಲ್ಲೆಡೆ ಓಡಾಡುತ್ತವೆ. ಅವುಗಳ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮ ಕಾರ್ಖಾನೆಯಲ್ಲಿ ಮೇ ತಿಂಗಳಲ್ಲಿ ಒಂದಕ್ಕೆ ಆರು ಕೊಟ್ಟರೂ ಯಾರೂ ಕೇಳುವುದಿಲ್ಲ, ನವೆಂಬರಿನಿಂದ ಹಂಗಾಮು ಮುಗಿಯುವವರೆಗೆ ಬಿಲ್ಲಿನ ಓಟದ ರಾತ್ರಿಗಳಲ್ಲಿ ಒಂದಕ್ಕೆ ಎರಡೂ ಹೆಚ್ಚಾಗಬಹುದು. ಎಲ್ಲರೂ ಒಟ್ಟಿಗೆ ಬಾಗಿಲು ಬಡಿಯುವ ಗಳಿಗೆ ಯಾವುದು, ಆಗ ಯಾರು ಕಾಯಬಹುದು, ಯಾರು ಕಾಯಬಾರದು ಎಂದು ಗೊತ್ತಿದ್ದರೆ ಸೂತ್ರ ಬೇಡ, ಗೊತ್ತಿಲ್ಲದಿದ್ದರೆ ಸೂತ್ರದಿಂದ ಉಪಯೋಗವಿಲ್ಲ. ಬ್ಯಾಕಪ್ ಕೂಡ ಹೋಸ್ಟ್‌ನ ಕೋರ್‌ಗಳನ್ನೇ ತಿನ್ನುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ಬಿಲ್ಲಿನ ರಾತ್ರಿ ಅದು ಬೆಳಗಿನ ಜಾವಕ್ಕೆ ಸರಿದಿದೆ.

ಕಾಯಬಾರದವನು ಕಾಟಾ. ಅದಕ್ಕೆ ಹೆಚ್ಚು ಕೋರ್ ಕೊಡುವ ಬದಲು ಸಿಪಿಯು ಯೂನಿಟ್ಸ್ ಎಂಬ ತೂಕವನ್ನು ಹೆಚ್ಚಿಸಿದ್ದೇನೆ. ಉಳಿದವಕ್ಕೆಲ್ಲ ಮೂಲದಲ್ಲಿದ್ದ 100, ಕಾಟಾಕ್ಕೆ 400. ಈ ತೂಕ ಕೆಲಸಕ್ಕೆ ಬರುವುದು ಜಗ್ಗಾಟ ಇದ್ದಾಗ ಮಾತ್ರ, ಕೋರ್‌ಗಳು ಖಾಲಿ ಇದ್ದಾಗ ಯಾರಿಗೂ ಅಡ್ಡಿಯಿಲ್ಲ. ಸಿಪಿಯು ಲಿಮಿಟ್ ಎಂಬ ಇನ್ನೊಂದು ಅಂಕಣ ಹಾಗಲ್ಲ, ಅದು ಖಾಲಿ ಇದ್ದರೂ ತಡೆಯುತ್ತದೆ. 100 ಮಿಲಿಸೆಕೆಂಡಿನ ಒಂದೊಂದು ಅವಧಿಗೆ ಇಷ್ಟೆಂದು ಪಡಿ ಅಳೆದು, ಪಡಿ ಮುಗಿದರೆ ಮುಂದಿನ ಅವಧಿಯವರೆಗೆ ವಿಎಂ ಅನ್ನು ನಿಲ್ಲಿಸುತ್ತದೆ. ಪರೀಕ್ಷೆಯ ವಿಎಂಗೆ ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ನಾನು ಹಾಕಿಲ್ಲ. ಕಾಟಾವನ್ನು ಎರಡು ನಿರ್ದಿಷ್ಟ ಕೋರ್‌ಗಳಿಗೆ ಅಂಟಿಸುವ ಪ್ರಯೋಗವನ್ನೂ ಮಾಡಿ ಕೈಬಿಟ್ಟೆ. ಅಂಟಿಸಿದರೆ ಕಾಟಾ ಆ ಕೋರ್‌ಗಳನ್ನು ಬಿಟ್ಟು ಹೋಗುವುದಿಲ್ಲ ನಿಜ, ಉಳಿದವರು ಅಲ್ಲಿಗೆ ಬರಬಾರದೆಂದು ಯಾರೂ ಹೇಳಿರುವುದಿಲ್ಲ. ಅವರನ್ನು ಹೊರಗಿಡಬೇಕಾದರೆ ಉಳಿದ ಆರು ವಿಎಂಗಳನ್ನೂ ಬೇರೆಡೆ ಅಂಟಿಸಬೇಕು, ಆಮೇಲೆ ಪ್ರತಿ ಬದಲಾವಣೆಗೂ ಇಡೀ ನಕ್ಷೆಯನ್ನು ತಿದ್ದಬೇಕು. ಇಬ್ಬರೇ ಇರುವ ವಿಭಾಗಕ್ಕೆ ಅದು ಮೈಮೇಲೆ ಎಳೆದುಕೊಳ್ಳುವ ಕೆಲಸ.

ಬರುವ ಹಂಗಾಮಿಗೆ ಟ್ರ್ಯಾಕ್ಟರುಗಳಿಗೆ ರೇಡಿಯೋ ಅಲೆಯಿಂದ ಗುರುತು ಹಿಡಿಯುವ ಆರ್‌ಎಫ್‌ಐಡಿ ಬಿಲ್ಲೆ ಅಂಟಿಸುವ ಯೋಜನೆಯಿದೆ, ಅದಕ್ಕೊಂದು ಹೊಸ ವಿಎಂ ಬೇಕಾಗಿದೆ. ಮಾರುವವರ ಪತ್ರದಲ್ಲಿ 16 ಕೋರ್ ಎಂದು ಬರೆದಿದೆ. ನಾನು ಸಾಕೆಟ್ 1, ಕೋರ್ 2 ಎಂದು ತುಂಬಿ ಎಬ್ಬಿಸಿಟ್ಟಿದ್ದೇನೆ, ಮೊದಲ ವಾರದ ಸ್ಕೆಡ್‌ಸ್ಟ್ಯಾಟ್ ಅಂಕಿಗಳನ್ನು ಬರೆದುಕೊಳ್ಳಲು ನೋಟುಬುಕ್ಕಿನಲ್ಲಿ ಒಂದು ಪುಟಕ್ಕೆ ಗೆರೆ ಹಾಕಿದ್ದೇನೆ. ಕಾಟಾದ ಹುಡುಗ ಮೊನ್ನೆ ಬಂದು, "ಈ ಸಲ ಚೀಟಿ ನಿಲ್ಲೂದಿಲ್ಲಲ್ರಿ ಸರ್?" ಎಂದು ಕೇಳಿದ. ನಿಂತರೆ ಮೊದಲು ಎಷ್ಟು ಸೆಕೆಂಡು ಎಂದು ಗಡಿಯಾರ ನೋಡಿ ಫೋನು ಮಾಡು ಎಂದು ಹೇಳಿ ಕಳಿಸಿದೆ.